ನೀಲಿ ದಾರದವರು

ಬಸ್ಸು ನಮ್ಮ ಬೀದಿಯ ತಿರುವು ದಾಟುವ ಮೊದಲೇ ನನಗೆ ಅನುಮಾನ ಹತ್ತಿತು: ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ. ಆರಿಸಿದ ನೆನಪಿತ್ತು. ಆದರೆ ಅದು ಇವತ್ತಿನ ನೆನಪೋ ನಿನ್ನೆಯದೋ ಹೇಳುವುದು ಕಷ್ಟ.

"ಅಮ್ಮ, ನಾನು ಸ್ವಿಚ್ಚು ಆರಿಸಿದ್ದು ನಿಂಗೆ ಕೇಳಿಸ್ತಾ?"

"ಕೇಳಿಸ್ತು. ಟಕ್ ಅಂತು."

"ಅದು ಚಿಲಕದ ಸದ್ದಿರಬಹುದು."

"ಮನೆಗೆ ಬೆಂಕಿ ಬಿದ್ರೆ ಹೊಗೆ ಇಲ್ಲೀವರೆಗೂ ಬರುತ್ತೆ. ಸುಮ್ನೆ ಕೂತ್ಕೋ, ಗೂಟ," ಎಂದಳು ಅಮ್ಮ.

ಗೂಟ ಎಂದರೆ ನಾನು. ಅಕ್ಕನಿಗೆ ಗಾಳಿ ಎಂದು ಹೆಸರು. ಎರಡೂ ಅಪ್ಪ ಇಟ್ಟದ್ದು. ಅವಳು ನಿಂತಲ್ಲಿ ನಿಲ್ಲುವವಳಲ್ಲ, ನಾನು ಕೂತಲ್ಲಿಂದ ಏಳುವವಳಲ್ಲ. ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿ. "ಬಟ್ಟೆ ಒಣಗ್ಬೇಕಾದ್ರೆ ಗಾಳೀನೂ ಬೇಕು, ಗೂಟಾನೂ ಬೇಕು" ಎಂದು ಅಪ್ಪ ಗಿರಾಕಿಗಳ ಮುಂದೆ ನಮ್ಮಿಬ್ಬರ ತಲೆ ಸವರಿ ನಗುತ್ತಿದ್ದರು.

ಒಂದು ರಜೆಯ ದಿನ ಗಾಳಿ ಇದೇ ಬೆಳಗಿನ ಬಸ್ಸು ಹತ್ತಿದಳು. "ಸಮುದ್ರ ನೋಡ್ಕೊಂಡು ಸಂಜೆ ಬಸ್ಸಿಗೆ ಬರ್ತೀನಿ" ಎಂದಿದ್ದಳು. ಬರಲಿಲ್ಲ. ಅಪ್ಪ ಅವಳ ಫೋಟೋ ಹಿಡಿದು ಬಸ್ಸಿನ ಕೊನೆಯ ನಿಲ್ದಾಣವಾದ ಆ ಕಡಲ ದಡದ ಊರಿಗೆ ಹೋಗಿ ಮನೆಮನೆ ಕೇಳಿ ಬಂದರು. ಕಂಡವರಿಲ್ಲ. ಪೊಲೀಸರು ಹೇಳಿದ್ದನ್ನೆಲ್ಲ ಬರೆದುಕೊಂಡು ಸುಮ್ಮನಾದರು. ಸಮುದ್ರವೂ ಏನನ್ನೂ ದಡಕ್ಕೆ ತಂದು ಹಾಕಲಿಲ್ಲ. ಅಂದಿನಿಂದ ಅಮ್ಮ ಸಂಜೆ ಬಸ್ಸಿನ ಹೊತ್ತಿಗೆ ನಿಲ್ದಾಣದ ಕಟ್ಟೆಯ ಮೇಲೆ ಹೋಗಿ ಕೂರತೊಡಗಿದಳು. ಇಳಿದವರ ಮುಖವನ್ನೆಲ್ಲ ನೋಡಿ, ಬಸ್ಸು ಖಾಲಿಯಾದ ಮೇಲೆ ಎದ್ದು ಬರುತ್ತಿದ್ದಳು. ಅಪ್ಪ ತೀರಿಕೊಂಡ ದಿನವೂ ಹೋಗಿ ಕೂತಿದ್ದಳು. ಕಣ್ಣು ಮಂಜಾಗಿ ಮುಖಗಳ ಗುರುತು ಸಿಗದಂತಾದ ಮೇಲಷ್ಟೇ ನಿಲ್ಲಿಸಿದಳು.

ಆದರೆ ಆ ಊರಿಗೆ ಮಾತ್ರ ಅವಳು ಕಾಲಿಟ್ಟಿರಲಿಲ್ಲ. ಹೋದರೆ ಅಲ್ಲಿ ಗಾಳಿ ಇಲ್ಲ ಎನ್ನುವುದು ಖಚಿತವಾಗುತ್ತದೆ ಎಂಬ ಹೆದರಿಕೆ ಇತ್ತೆಂದು ನನ್ನ ಊಹೆ. ನನ್ನ ಊಹೆಗಳು ಸರಿಯಾಗುವುದು ಕಡಿಮೆ. ಈಗ ಕಣ್ಣಲ್ಲಿ ಬೆಳಕು, ನೆರಳು, ಬಣ್ಣದ ಮುದ್ದೆಗಳಷ್ಟೇ ಉಳಿದಿರುವಾಗ, "ಅದೂ ಹೋಗೋ ಮುಂಚೆ ಆ ಊರನ್ನೊಂದು ಸಲ ನೋಡ್ಬೇಕು ಕಣೇ" ಎಂದಳು. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಇಲ್ಲವೆನ್ನಲು ನನಗೆ ಕಾರಣ ಹೊಳೆಯಲಿಲ್ಲ.

ಊರು ನಿಜಕ್ಕೂ ಚಂದವಿತ್ತು. ಬಸ್ಸಿಳಿದ ಚೌಕದಿಂದ ಸಣ್ಣ ಸಣ್ಣ ಬೀದಿಗಳು ಇಳಿಜಾರಾಗಿ ಸಮುದ್ರದ ಕಡೆಗೆ ಹೋಗುತ್ತಿದ್ದವು. ಮನೆಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು. ಒಂದಕ್ಕೆ ತಿಳಿಹಳದಿ ಬಣ್ಣ, ಪಕ್ಕದ್ದಕ್ಕೆ ಗುಲಾಬಿ, ಕಿಟಕಿ ಬಾಗಿಲುಗಳಿಗೆಲ್ಲ ನೀಲಿ. ಬೀದಿಯ ಕೊನೆಯಲ್ಲಿ ಕಲ್ಲಿನ ಮೆಟ್ಟಿಲು, ಅದರಾಚೆ ಮರಳು, ಮಗುಚಿ ಹಾಕಿದ ದೋಣಿಗಳು, ಅವುಗಳ ನೆರಳಲ್ಲಿ ಬೆಕ್ಕುಗಳು. ನಾನು ಒಂದೊಂದನ್ನೂ ಅಮ್ಮನಿಗೆ ಹೇಳುತ್ತ ಹೋದೆ.

"ಚಂದ ಇದ್ಯಾ?" ಎಂದು ಕೇಳಿದಳು.

"ಇದೆ ಅಮ್ಮ."

"ಕೆಟ್ಟದಾಗಿದ್ದಿದ್ರೆ ವಾಸಿ ಇತ್ತು."

ಬಿಸಿಲೇರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆವು. ಅಮ್ಮ ಅಲೆಯ ಸದ್ದಿಗೆ ಕಿವಿಗೊಟ್ಟಿದ್ದಳು, ಯಾರೋ ನೀರೊಳಗಿಂದ ಮಾತಾಡುತ್ತಿದ್ದಾರೆ, ಪದ ಮಾತ್ರ ತಿಳಿಯುತ್ತಿಲ್ಲ ಎನ್ನುವ ಹಾಗೆ. ಆಮೇಲೆ ಹಸಿವಾಯಿತು ಎಂದಳು. ನನಗೆ ಸಮಾಧಾನವಾಯಿತು. ದಿನ ಹೀಗೇ ಕಳೆದುಹೋದರೆ ಸಾಕು ಎಂದುಕೊಂಡೆ.

ಮೂಲೆಯ ಊಟದ ಮನೆಗೆ ಹೋದೆವು. ಯಜಮಾನಿ ಗಟ್ಟಿ ಧ್ವನಿಯ ಹೆಂಗಸು. ಒಳಗೆ ಬಂದವರೆಲ್ಲ ತನ್ನ ಸೋದರತ್ತೆಯ ಮಕ್ಕಳು ಎಂಬಂತೆ ಮಾತಾಡಿಸುತ್ತಿದ್ದಳು. "ಮೊದ್ಲು ಕೈ ತೊಳ್ಕೊಳ್ಳಿ ಅಮ್ಮ, ಮರಳು ತಿನ್ನೋಕೆ ನಾನು ಕಾಸು ತಗೊಳಲ್ಲ" ಎಂದಳು. ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಕೈ ಒರೆಸುವ ಬಿಳಿ ಟವಲುಗಳನ್ನು ಒಟ್ಟಿದ್ದರು. ಒಂದನ್ನು ತೆಗೆದು ಅಮ್ಮನ ಒದ್ದೆ ಕೈಗೆ ಕೊಟ್ಟೆ.

ಅಮ್ಮ ಕೈ ಒರೆಸಿಕೊಳ್ಳಲಿಲ್ಲ. ಟವಲಿನ ಅಂಚಿನ ಮೇಲೆ ಬೆರಳಾಡಿಸಿದಳು. ತಿರುವಿದಳು. ಮಡಿಕೆಯೊಳಗೆ ತೋರುಬೆರಳು ತೂರಿಸಿದಳು. ಬೆರಳು ಅಲ್ಲೇ ನಿಂತಿತು.

"ಗೂಟ," ಎಂದಳು. "ಇದು ಗಾಳಿ ಮಡಿಸಿದ್ದು."

ನೋಡಿದೆ. ಹೌದು, ಅವಳದೇ ಮಡಿಕೆ.

ಅಮ್ಮನ ಮಡಿಕೆ ಬೇರೆ, ಅಕ್ಕನದು ಬೇರೆ. ಅಮ್ಮ ಟವಲನ್ನು ಸೀದಾ ಮಡಿಸಿ, ಗುರುತಿನ ಮೂಲೆ ಹೊರಗೆ ಕಾಣುವಂತೆ ಇಡುವವಳು. ಯಾರ ಬಟ್ಟೆ ಯಾರದೆಂದು ಬೇರ್ಪಡಿಸಲು ಮೂಲೆಯಲ್ಲಿ ನಾವು ಬಣ್ಣದ ದಾರದ ಹೊಲಿಗೆ ಹಾಕುತ್ತೇವೆ. ಅಕ್ಕನಿಗೆ ಆ ಹೊಲಿಗೆ ಕಂಡರೆ ಆಗುತ್ತಿರಲಿಲ್ಲ. "ಮುಖ ಒರೆಸ್ಕೊಳ್ಳೋರಿಗೆ ನಮ್ಮ ದಾರ ಯಾಕೆ ಕಾಣ್ಬೇಕು?" ಎಂದು ಆ ಮೂಲೆಯನ್ನು ಒಳಕ್ಕೆ ತಿರುಗಿಸಿ, ಎಡದಿಂದ ಸುತ್ತಿ, ತುದಿಯನ್ನು ಸಿಕ್ಕಿಸಿಬಿಡುತ್ತಿದ್ದಳು. ಎಸೆದರೂ ಬಿಚ್ಚಿಕೊಳ್ಳದು. ನಡುವೆ ಒಂದು ಜೇಬಿನಂಥ ಜಾಗ ಉಳಿಯುತ್ತಿತ್ತು. ಅದರೊಳಗೆ ನನಗೆಂದು ಪೆಪ್ಪರಮಿಂಟು ಬಚ್ಚಿಡುತ್ತಿದ್ದಳು. ಬೇರೆ ಯಾರಾದರೂ ಹಾಗೆ ಮಡಿಸಿದ್ದನ್ನು ನಾನು ಕಂಡಿಲ್ಲ. ಅವಳು ಹೋದ ಮೇಲೆ ಒಂದು ದಿನ ನಾನು ಹಾಗೆ ಮಡಿಸಿಟ್ಟಿದ್ದ ಬಟ್ಟೆಗಳನ್ನೆಲ್ಲ ಅಮ್ಮ ಬಿಚ್ಚಿ ನೀರಿನ ತೊಟ್ಟಿಗೆ ಹಾಕಿದ್ದಳು. "ಆ ಮಡಿಕೆ ಇನ್ನೊಂದ್ಸಲ ನನ್ನ ಕೈಗೆ ಸಿಗಬಾರ್ದು" ಎಂದಿದ್ದಳು. ಅಂದಿನಿಂದ ನಾನು ಅಮ್ಮನ ಮುಂದೆ ಅಮ್ಮನ ಹಾಗೆಯೇ ಮಡಿಸುತ್ತ ಬಂದೆ.

"ಇದನ್ನ ಯಾರು ಮಡಿಸಿದ್ದು?" ಎಂದು ಅಮ್ಮ ಯಜಮಾನಿಯನ್ನು ಕೇಳಿದಳು.

"ಟವಲ್ಲಾ? ಗಾಡಿಯವನು ಮೂಟೆ ತಂದು ಹಾಕ್ತಾನೆ, ಕೊಳೆಯಾದದ್ದನ್ನ ತಗೊಂಡು ಹೋಗ್ತಾನೆ. ಊರಿಗೆಲ್ಲ ಅವನೇ. ಮಡಿಸೋರ ಮುಖ ನಾನು ಕಂಡಿಲ್ಲ ಅಮ್ಮ. ಯಾಕೆ, ಕೊಳೆ ಇದ್ಯಾ?"

"ಕೊಳೆ ಇಲ್ಲ."

"ಮತ್ತೆ? ಆ ಕೈ ಯಾರದೋ, ಚೆನ್ನಾಗಿರ್ಲಿ. ಹತ್ತು ಸಲ ಕೆಳಗೆ ಬಿದ್ರೂ ಬಿಚ್ಚಲ್ಲ ನೋಡಿ."

"ಊರಿಗೆಲ್ಲ ಅವನೇ ಅಂದ್ರಿ."

"ಹೂಂ. ಕ್ಷೌರದಂಗಡಿ, ವಸತಿಗೃಹ, ಅಲ್ಲಿ ಈಜೋರು ಬಟ್ಟೆ ಬದಲಿಸೋ ಕೋಣೆ, ಎಲ್ಲ ಕಡೆ."

ಅಮ್ಮ ಊಟ ಮಾಡಲಿಲ್ಲ. ಟವಲನ್ನು ಎದೆಗೆ ಒತ್ತಿಕೊಂಡು ನಡೆದೇಬಿಟ್ಟಳು. ಆಗಲೇ ಬಡಿಸಿಟ್ಟಿದ್ದ ತಟ್ಟೆಗಳನ್ನು ನೋಡಿ ನಾನು ನಾಚಿಕೆಯಿಂದ ಯಜಮಾನಿಗೆ ಏನೋ ಸಬೂಬು ಹೇಳತೊಡಗಿದೆ. "ಟವಲ್ಲು..." ಎಂದೆ. "ತಗೊಂಡು ಹೋಗ್ಲಿ ಬಿಡಿ, ವಯಸ್ಸಾದವರು" ಎಂದಳು ಆಕೆ.

ಮಧ್ಯಾಹ್ನವೆಲ್ಲ ಬೀದಿ ಬೀದಿ ಸುತ್ತಿದೆವು. ಊರಿನ ತುಂಬ ಅಕ್ಕನ ಕೈ ಇತ್ತು. ವಸತಿಗೃಹದ ಕಿಟಕಿಯಲ್ಲಿ ಹಾಸಿಗೆಯ ಮೇಲೆ ಎರಡು ಟವಲು, ಮೂಲೆ ಒಳಕ್ಕೆ, ತುದಿ ಸಿಕ್ಕಿಸಿ. ಈಜುವವರ ಕೋಣೆಯ ಕಪಾಟಿನಲ್ಲಿ ಒಂದು ಸಾಲು. ದಂತವೈದ್ಯನ ಬಾಗಿಲು ತೆರೆದಿತ್ತು, ಒಳಗೆ ಕುರ್ಚಿಯ ತೋಳಿನ ಮೇಲೂ ಒಂದು. ಅವಳು ಈಗಷ್ಟೇ ಆ ಕೋಣೆಯಲ್ಲಿದ್ದು, ನಮ್ಮ ಹೆಜ್ಜೆಯ ಸದ್ದು ಕೇಳಿ, ಕೆಲಸ ಮುಗಿಸಿ ಪಕ್ಕದ ಮನೆಗೆ ದಾಟಿದಂತೆ ತೋರುತ್ತಿತ್ತು. ನಾವು ಎಲ್ಲಿಗೆ ಹೋದರೂ ಅವಳು ಒಂದು ಬಾಗಿಲು ಮುಂದೆ ಇದ್ದಳು. ಅಮ್ಮ ಒಂದೊಂದು ಕಡೆಯೂ ಕೈಯಿಟ್ಟು ನೋಡಿದಳು, ಬೆರಳು ತೂರಿಸಿದಳು. ಬಿಚ್ಚಲು ಮಾತ್ರ ಬಿಡಲಿಲ್ಲ. ನಾನು ಒಂದನ್ನು ಎತ್ತಿಕೊಂಡರೆ, "ಬಿಚ್ಬೇಡ, ಅವಳು ಮಡಿಸಿದ್ದು ಹಾಗೇ ಇರ್ಲಿ" ಎಂದು ಕಿತ್ತುಕೊಂಡಳು.

ಬೀದಿಯ ನಡುವೆ ನಿಂತು ಕರೆದಳು ಕೂಡ. "ಗಾಳೀ... ಏ ಗಾಳೀ..."

ಮೆಟ್ಟಿಲ ಮೇಲೆ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ತಲೆಯೆತ್ತದೆ, "ಕರೀಬೇಕಾಗಿಲ್ಲ ತಾಯಿ. ಸಂಜೆಯಾದ್ರೆ ತಾನೇ ಬರುತ್ತೆ" ಎಂದ.

ಅಮ್ಮ ಅವನ ಕಡೆ ತಿರುಗಿದಳು. "ಸಂಜೆ ಬರ್ತಾಳಾ?"

ಅವನು ಗಾಳಿಯ ಮಾತಾಡಿದ್ದು, ಸಮುದ್ರದ ಗಾಳಿಯ ಮಾತು ಎಂದು ನಾನು ಹೇಳಿದೆ. ಅಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ.

ನಾನೂ ನಂಬಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಅಕ್ಕ ಸಿಕ್ಕರೆ ಮೊದಲು ಏನು ಕೇಳುವುದು, ಬೈಯುವುದೋ ಅಳುವುದೋ, ಅವಳಿಗೆ ನನ್ನ ಗುರುತು ಸಿಗುತ್ತದೋ ಇಲ್ಲವೋ ಎಂದೆಲ್ಲ ಯೋಚಿಸುತ್ತ ನಡೆಯುತ್ತಿದ್ದೆ. ಅಮ್ಮ ದಣಿದಾಗ ಕ್ಷೌರದಂಗಡಿಯ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಗಾಡಿಯವನ ಬಗ್ಗೆ ವಿಚಾರಿಸಲು ಒಳಗೆ ಹೋದೆ.

ಕ್ಷೌರಿಕ ಒಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ನೊರೆಯೊಳಗಿಂದ ಎರಡು ಕಣ್ಣುಗಳು ಕನ್ನಡಿಯಲ್ಲಿ ನನ್ನನ್ನು ನೋಡಿದವು.

"ಗಾಡಿಯವನಾ? ಅವನು ಈ ಊರಿನವನಲ್ಲ ಅಕ್ಕ," ಎಂದ ಕ್ಷೌರಿಕ. "ಇಲ್ಲಿ ಬಟ್ಟೆ ಒಗೆಯೋರು ಯಾರೂ ಇಲ್ಲ. ಈ ಉಪ್ಪು ಗಾಳೀಲಿ ಒಣಗಿದ್ದೂ ಒದ್ದೆ. ಮೇಲಿನ ಊರುಗಳಿಂದ ತರ್ತಾನೆ."

"ಯಾವ ಊರು?"

"ಕೇಳಿದ್ರೆ ಹೇಳ್ತಾನಾ? ನಾವೇ ಹೋಗಿ ಮಾತಾಡ್ಕೊಂಡ್ರೆ ಅವನ ಹೊಟ್ಟೆ ಮೇಲೆ ಕಲ್ಲು."

"ಮೊದ್ಲು ನನ್ನ ಗಡ್ಡ ಮುಗಿಸಪ್ಪ," ಎಂದಿತು ನೊರೆ. "ಅರ್ಧ ಮುಖದಲ್ಲಿ ಮನೆಗೆ ಹೋದ್ರೆ ಹೆಂಡ್ತಿ ಒಳಗೆ ಸೇರಿಸಲ್ಲ."

"ಪೂರ್ತಿ ಮುಖದಲ್ಲಿ ಹೋದಾಗ್ಲೂ ಸೇರಿಸಿದ್ದು ಕಾಣೆ," ಎನ್ನುತ್ತ ಕ್ಷೌರಿಕ ಹಲಗೆಯಿಂದ ಒಂದು ಟವಲು ತೆಗೆದು, ಸಿಕ್ಕಿಸಿದ್ದ ತುದಿ ಎಳೆದು, ಗಾಳಿಯಲ್ಲಿ ಫಟ್ಟೆಂದು ಕೊಡವಿದ. ಟವಲು ಬಿಚ್ಚಿಕೊಂಡು ಗಿರಾಕಿಯ ಎದೆಯ ಮೇಲೆ ಇಳಿಯಿತು. ಒಳಗಿದ್ದ ಮೂಲೆ ಹೊರಗೆ ಬಂತು. ಮೂಲೆಯಲ್ಲಿ ನೀಲಿ ದಾರದ ಹೊಲಿಗೆ ಇತ್ತು. ಅಡ್ಡ ಒಂದು, ಉದ್ದ ಒಂದು, ಕೊನೆಯಲ್ಲಿ ಸುಮ್ಮನೆ ಎರಡೆರಡು ಗಂಟು. ಬಿಚ್ಚಿಹೋದೀತೆಂಬ ಹೆದರಿಕೆಯಿಂದ ಹಾಕುವ ಎರಡನೆಯ ಗಂಟು.

ಅದು ನನ್ನ ಹೊಲಿಗೆ.

ನಮ್ಮ ಅಂಗಡಿಯಲ್ಲಿ ದೊಡ್ಡ ಗಿರಾಕಿಗಳಿಗೆ ಹೆಸರಿಲ್ಲ, ದಾರವೇ ಹೆಸರು. ಕೆಂಪು ದಾರದವರು ಆಸ್ಪತ್ರೆ. ಹಸಿರು ದಾರದವರು ರೈಲು ನಿಲ್ದಾಣದ ವಿಶ್ರಾಂತಿ ಕೋಣೆ. ನೀಲಿ ದಾರದವರು ಎಂದರೆ ಗಾಡಿಯಲ್ಲಿ ಕೊಳೆಬಟ್ಟೆಯ ಮೂಟೆ ತಂದು ಇಳಿಸಿ, ಒಗೆದದ್ದನ್ನು ಒಯ್ಯುವವರು. ಅಮ್ಮ ಅಂಗಡಿಯ ಕೆಲಸ ಬಿಟ್ಟ ಮೇಲೆ ಬಂದ ಗಿರಾಕಿ ಅದು. ಅವರ ಬಟ್ಟೆ ಎಲ್ಲಿಗೆ ಹೋಗುತ್ತದೆಂದು ನಾನು ಯಾವತ್ತೂ ಕೇಳಿರಲಿಲ್ಲ. ಕೇಳಿದರೆ ಕೆಲಸ ತಪ್ಪೀತೆಂಬ ಅಳುಕು.

ಹಾಗಾದರೆ ಮಡಿಕೆ? ಅಮ್ಮ ಮಹಡಿಯ ಮೇಲಿನ ಮನೆಯಿಂದ ಇಳಿದು ಬಂದು ಕೌಂಟರಿನ ಬಳಿ ಕೂತಾಗ ನಾನು ಅವಳ ಹಾಗೆ ಮಡಿಸುತ್ತೇನೆ. ಅದು ನನಗೆ ಗೊತ್ತು. ಆದರೆ ನೀಲಿ ದಾರದ ಮೂಟೆಗಳ ಕೆಲಸ ಹಿಂದಿನ ಕೋಣೆಯಲ್ಲಿ. ಅಲ್ಲಿ ನಾನೊಬ್ಬಳೇ. ತಲೆಯಲ್ಲಿ ಏನೇನೋ ಚಿಂತೆ, ಕೈ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಆ ಕೋಣೆಯಲ್ಲಿ ನನ್ನ ಕೈ ಯಾರ ಹಾಗೆ ಮಡಿಸುತ್ತದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನೇ ನಂಬಲಿಲ್ಲ. ಕ್ಷೌರಿಕನ ಕನ್ನಡಿಯ ಮುಂದೆ ನಿಂತು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ.

"ಏನಕ್ಕ, ಕೈಗೂ ಕ್ಷೌರ ಬೇಕಾ?" ಎಂದ ಅವನು.

ಹೊರಗೆ ಬಂದಾಗ ಅಮ್ಮ ಬೆಂಚಿನ ಮೇಲೆ ನೇರ ಕೂತಿದ್ದಳು. ಅಷ್ಟು ನೇರ ಕೂತದ್ದನ್ನು ಕಂಡು ವರ್ಷಗಳಾಗಿದ್ದವು. "ಏನಂದ?" ಎಂದಳು.

"ಏನೂ ಗೊತ್ತಿಲ್ವಂತೆ," ಎಂದೆ. ಹೇಳಿದರೆ ಅಕ್ಕನನ್ನು ನಾನೇ ನೀರಿಗೆ ತಳ್ಳಿದಂತೆ. ಹೇಳದಿದ್ದರೆ ಅಮ್ಮ ಸಾಯುವವರೆಗೂ ಈ ಬೀದಿಗಳಲ್ಲಿ ಹುಡುಕುತ್ತಿರುತ್ತಾಳೆ. ಸಂಜೆ ಬಸ್ಸು ಹತ್ತುವವರೆಗೆ ಸುಮ್ಮನಿದ್ದರಾಯಿತು, ಮನೆಯಲ್ಲಿ ಯೋಚಿಸಿ ಹೇಳಿದರಾಯಿತು ಎಂದುಕೊಂಡೆ. ನನ್ನ ಯೋಚನೆಗಳೆಲ್ಲ ಹೀಗೆ, ಮುಂದಕ್ಕೆ ಹಾಕುವವೇ.

ಬಿಸಿಲು ವಾಲಿ ಬಸ್ಸು ಚೌಕಕ್ಕೆ ಬಂದು ನಿಂತಿತು. ಅಮ್ಮ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು, ಏಳಲಿಲ್ಲ.

"ನೀನು ಹೋಗು. ನಾನಿಲ್ಲೇ ಇರ್ತೀನಿ."

"ಇಲ್ಲಿ ಎಲ್ಲಿರ್ತೀಯಮ್ಮ?"

"ಆ ಊಟದ ಮನೆಯವಳ ಹತ್ರ. ಟವಲ್ ಬರೋ ದಿನ ಗಾಡಿ ಹಿಂದೇನೇ ಹೋಗ್ತೀನಿ. ಇಷ್ಟು ಹತ್ರ ಬಂದು ಅವಳನ್ನ ಬಿಟ್ಟು ಹೋಗ್ಲಾ? ನಿಂಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

ಗಾಡಿಯ ಹಿಂದೆ ಹೋದರೆ ಅದು ಅವಳನ್ನು ತಂದು ನಿಲ್ಲಿಸುವುದು ನಮ್ಮದೇ ಬಾಗಿಲಲ್ಲಿ. ನಾನು ಅವಳ ಪಕ್ಕದಲ್ಲಿ ಕೂತೆ.

"ಅಮ್ಮ, ಅದು ನನ್ನ ಕೈ."

"ಯಾವುದು?"

"ಆ ಮಡಿಕೆ. ಗಾಡಿಯವನು ನಮ್ಮ ಅಂಗಡಿಯಿಂದಾನೇ ತರ್ತಾನೆ. ನೀಲಿ ದಾರದವರು ಅಂತೀನಲ್ಲ, ಅವರು ಇವರೇ. ಹಿಂದಿನ ಕೋಣೇಲಿ ಒಬ್ಳೇ ಇದ್ದಾಗ ನಾನು ಹಾಗೆ ಮಡಿಸ್ತೀನಿ. ನಂಗೂ ಗೊತ್ತಿರ್ಲಿಲ್ಲ."

ಅಮ್ಮ ನಕ್ಕಳು. "ನಿನ್ನ ಮಡಿಕೆ ನಂಗೆ ಗೊತ್ತಿಲ್ವೇನೇ? ದಿನಾ ನನ್ನ ಪಕ್ಕದಲ್ಲೇ ಕೂತು ಮಡಿಸ್ತೀಯ. ಮನೆಗೆ ಕರ್ಕೊಂಡು ಹೋಗೋಕೆ ಈ ಕತೆ."

"ಮಡಿಸಿ ತೋರಿಸ್ಲಾ?"

ಟವಲನ್ನು ಕೊಡಲು ಅವಳಿಗೆ ಇಷ್ಟವಿರಲಿಲ್ಲ. ನಾನು ಕೈ ಚಾಚಿಯೇ ಇದ್ದೆ. ಕೊನೆಗೆ ಕೊಟ್ಟಳು. ಬಿಚ್ಚಿದೆ. ನೀಲಿ ದಾರ ಹೊರಬಿತ್ತು. ಅವಳ ಬೆರಳನ್ನು ಹಿಡಿದು ಗಂಟಿನ ಮೇಲೆ ಇಟ್ಟೆ. ಬೆರಳು ಅಲುಗಾಡಲಿಲ್ಲ. ಆಮೇಲೆ ಮಡಿಸತೊಡಗಿದೆ. ಅವಳ ಮುಖ ನನ್ನ ಕೈಗಳ ಕಡೆಗೇ ಇತ್ತು. ಏನು ಮಾಡಿದರೂ ಕೈ ಸೀದಾ ಹೋಯಿತು, ಮೂಲೆ ಹೊರಗೇ ಉಳಿಯಿತು. ಮತ್ತೆ ಬಿಚ್ಚಿದೆ, ಮತ್ತೆ ಅದೇ. ಗೊತ್ತಿದ್ದ ಕೆಲಸ ಬೆರಳ ತುದಿಯಿಂದ ಹಾರಿಹೋಗಿತ್ತು.

"ನೋಡಿದ್ಯಾ?" ಎಂದಳು ಅಮ್ಮ. ಅವಳ ಧ್ವನಿಯಲ್ಲಿ ಗೆದ್ದ ಸಂತೋಷವಿತ್ತು. ಅದನ್ನು ಕೇಳಿ ನನಗೆ ಅಳು ಬಂತು.

"ನೀನು ಆ ಕಡೆ ತಿರುಗು ಅಮ್ಮ," ಎಂದೆ. "ನಾನು ಇಲ್ಲಿದೀನಿ ಅನ್ನೋದನ್ನ ಮರೆತುಬಿಡು."

ಚಾಲಕ ಹಾರ್ನ್ ಒತ್ತಿದ. ಅಮ್ಮ ನಿಧಾನವಾಗಿ ಸಮುದ್ರದ ಕಡೆ ಮುಖ ತಿರುಗಿಸಿದಳು. ನಾನು ಎದ್ದು ಅವಳ ಬೆನ್ನ ಹಿಂದೆ ಹೋಗಿ ನಿಂತೆ. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂದು ಯೋಚಿಸಿದೆ. ನಿಜವಾಗಿಯೂ ಅದನ್ನೇ ಯೋಚಿಸಿದೆ. ಬಾಗಿಲು, ಚಿಲಕ, ಟಕ್ಕೆಂಬ ಸದ್ದು. ಕೆಳಗೆ ನೋಡಿದಾಗ ಟವಲು ಮಡಿಸಿಯಾಗಿತ್ತು. ಮೂಲೆ ಒಳಗೆ, ತುದಿ ಸಿಕ್ಕಿಸಿ.

ಅವಳ ತೊಡೆಯ ಮೇಲೆ ಇಟ್ಟೆ.

ಅಮ್ಮ ಅಂಚು ಸವರಿದಳು, ತಿರುವಿದಳು, ಬೆರಳು ತೂರಿಸಿದಳು. ತುಂಬ ಹೊತ್ತು ತೆಗೆಯಲಿಲ್ಲ. ಅವಳ ಬೆನ್ನು ಬೆಳಗಿನ ಬೆನ್ನಿನಂತೆ ಬಾಗುತ್ತ ಬಂತು. ಅಳುತ್ತಾಳೆಂದು ಕಾದೆ. ಅಳಲಿಲ್ಲ.

"ಹಾಗಾದ್ರೆ," ಎಂದಳು, "ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ಮಡಿಸ್ತಿದ್ದೋಳು ಯಾರೇ?"

ಅವಳೇ ಕೈ ಚಾಚಿದಳು. ಹಿಡಿದು ಎಬ್ಬಿಸಿದೆ.

"ಸಂಜೆ ಬಸ್ಸು ಇದೇನಾ? ಅವಳು ಬರ್ತೀನಿ ಅಂದಿದ್ದು?"

"ಇದೇ ಅಮ್ಮ."

ದಾರಿಯಲ್ಲಿ ಅವಳು ಟವಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗುತ್ತಿದ್ದಳು. ನಾನು ಮಡಿಸಿ ಕೊಡುತ್ತಿದ್ದೆ. ಬೆರಳಾಡಿಸಿ, ಮತ್ತೆ ಬಿಚ್ಚಿ ಕೊಡುತ್ತಿದ್ದಳು. ಹೊರಗೆ ಸಮುದ್ರ ಹಿಂದೆ ಸರಿದು ಮರಗಳ ಆಚೆ ಹೋಯಿತು. ಆಮೇಲೂ ಅದರ ವಾಸನೆ ಬಟ್ಟೆಯಲ್ಲಿತ್ತು. ಟವಲು ವಾಪಸು ಕಳಿಸಬೇಕು ಎಂದು ನೆನಪಾಯಿತು. ಅದರಲ್ಲೇನು, ಇನ್ನೊಂದು ಮೂಟೆಯ ಜೊತೆ ಒಗೆದು ಕಳಿಸಿದರಾಯಿತು.

ನಮ್ಮ ನಿಲ್ದಾಣ ಬಂದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಅಮ್ಮನನ್ನು ಮೊದಲು ಇಳಿಸಿದೆ. ಚೀಲ ತೆಗೆದುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅವಳು ತಡಕಿಕೊಂಡು ಕಟ್ಟೆಯ ಬಳಿ ಹೋಗಿ, ಮೊದಲೆಲ್ಲ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದಳು. ಮುಖ ಬಸ್ಸಿನ ಬಾಗಿಲ ಕಡೆಗಿತ್ತು. ಮೆಟ್ಟಿಲ ಮೇಲೆ ನಾನು ಅವಳಿಗೆ ಒಂದು ನೆರಳಷ್ಟೇ ಆಗಿದ್ದಿರಬೇಕು.

"ಬಂದ್ಯಾ?" ಎಂದಳು.

ಹೆಸರು ಹಿಡಿದು ಕರೆಯಲಿಲ್ಲ. ಯಾರನ್ನು ಕೇಳಿದಳೆಂದು ತಿಳಿಯದೆ ನಾನು ಮೆಟ್ಟಿಲ ಮೇಲೆ ನಿಂತೆ.

"ಇಳೀರಿ ಅಕ್ಕ, ಬಾಗಿಲು ಹಾಕ್ಬೇಕು," ಎಂದ ಚಾಲಕ.

"ಬಂದೆ ಅಮ್ಮ," ಎಂದು ಇಳಿದೆ.